ಚಾಕುಗಳ ಸಂಗ್ರಹ ಮತ್ತು ಅನರ್ಥದಂಡ ವಿರತಿ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿಗೆ ದೊರೆಯುವ ಗಮನ ಅತ್ಯಲ್ಪ. ಅಹಿಂಸಾಣುವ್ರತವನ್ನು ಎಲ್ಲರೂ ಬಲ್ಲರು. ಪರಿಗ್ರಹ ಪರಿಮಾಣದ ವಿಷಯವನ್ನು ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ವರ್ಷಕ್ಕೊಮ್ಮೆಯಾದರೂ ಕೇಳುತ್ತಾರೆ. ಆದರೆ ನಿಷ್ಪ್ರಯೋಜನವಾಗಿ ತಗಲುವ ಪಾಪವೆಂದೊಡನೆ ಹರಟೆ, ಜೂಜು, ನೀರನ್ನು ವೃಥಾ ಚೆಲ್ಲುವುದು ಇಷ್ಟೇ ನೆನಪಿಗೆ ಬರುವುದು ರೂಢಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದೇ ಹಿಂಸಾದಾನ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕೊಡುವ ಇಂಥದೇ ಪಟ್ಟಿಯ ಮೊದಲ ಹೆಸರು ಅಸಿಧೇನು. ಅಸಿಧೇನು ಎಂದರೆ ಚೂರಿ.

ಹಳೆಯ ಚಾಕುಗಳನ್ನು ಹುಡುಕಿ, ಗುರುತಿಸಿ, ಕೂಡಿಡುವ ಹವ್ಯಾಸ ಈ ಪಟ್ಟಿಗೆ ಸೇರುವುದೇ? ಅಂಚೆಚೀಟಿ, ನಾಣ್ಯಗಳ ಸಂಗ್ರಹದಂತೆ ಇದೂ ಒಂದು ನಿರಪಾಯ ವಿನೋದವೆಂದು ಹೇಳುವವರುಂಟು. ಸಂಗ್ರಾಹಕನ ವಾದ ಸರಳವಾಗಿದೆ: ಪೆಟ್ಟಿಗೆಯಲ್ಲಿರುವ ಚಾಕು ಏನನ್ನೂ ಕೊಯ್ಯುವುದಿಲ್ಲ, ಕೊಯ್ಯದ ಚಾಕುವಿನಿಂದ ಹಿಂಸೆಯೆಲ್ಲಿಯದು?

ಮಲೆನಾಡಿನ ಅಡಿಕೆಯ ಕೊಯ್ಲಿನ ಕಾಲವನ್ನು ಕಂಡವರಿಗೆ ಈ ವಾದ ತಲೆಕೆಳಗಾಗಿ ತೋರುತ್ತದೆ. ಶಿವಮೊಗ್ಗ ಸೀಮೆಯ ಅಡಿಕೆಯ ಮನೆಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವರು ರಾತ್ರಿಯವರೆಗೂ ಹಸಿ ಅಡಿಕೆ ಸುಲಿಯುತ್ತಾರೆ. ಅಡುಗೆಮನೆಯ ಈಳಿಗೆಮಣೆಗೆ ದಿನಕ್ಕೆ ಎರಡು ಹೊತ್ತು ಕೆಲಸ. ಎಲೆ ಅಡಿಕೆಯ ತಟ್ಟೆಯಲ್ಲಿ ಅಡಕತ್ತರಿ ಸದಾ ಇರುತ್ತದೆ. ಇವೆಲ್ಲ ಕೊಯ್ಯುವ ಸಾಧನಗಳೇ. ಆದರೂ ಇವುಗಳಿಂದಾಗುವುದು ಆರಂಭೀ ಅಥವಾ ಉದ್ಯೋಗೀ ಹಿಂಸೆ. ಗೃಹಸ್ಥನು ಇದನ್ನು ಪೂರ್ಣವಾಗಿ ಬಿಡಲಾರನೆಂದು ಬಲ್ಲ ಆಚಾರ್ಯರು ಇಲ್ಲಿ ಯತ್ನಾಚಾರವನ್ನು, ಅಂದರೆ ಎಚ್ಚರವನ್ನು ಕೇಳಿದ್ದಾರೆ. ಅಷ್ಟಮಿ ಚತುರ್ದಶಿಗಳಂದು ಹಸಿರು ತ್ಯಜಿಸುವ ಮನೆಯಲ್ಲಿ ಈಳಿಗೆಯೂ ಅರ್ಧ ಉಪವಾಸ ಮಾಡುತ್ತದೆ. ದುಡಿಯುವ ಚಾಕುವಿಗೆ ಹೀಗೆ ಒಂದು ಪ್ರಯೋಜನವೂ ಉಂಟು, ಒಂದು ಬಿಡುವೂ ಉಂಟು. ಸಂಗ್ರಾಹಕನ ಚಾಕುವಿಗೆ ಎರಡೂ ಇಲ್ಲ. ಅನರ್ಥವೆಂಬ ಶಬ್ದಕ್ಕೆ ನಿಷ್ಪ್ರಯೋಜನವೆಂದೇ ಅರ್ಥವಾದುದರಿಂದ, ದಿನವೂ ಕೊಯ್ಯುವ ಈಳಿಗೆಗಿಂತ ಎಂದೂ ಕೊಯ್ಯದ ಚಾಕುವೇ ಈ ವ್ರತದ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕಾಗಿದೆ.

ಕೊಯ್ದ ವಸ್ತು ಯಾವುದೆಂಬುದರಿಂದಲೇ ಹಿಂಸೆ ನಿರ್ಣಯವಾಗದೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಜನ್ನನ ಯಶೋಧರ ಚರಿತೆಯ ಅರಸನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಅದರ ಫಲವಾಗಿ ಅವನೂ ಅವನ ತಾಯಿಯೂ ಹಲವು ಭವಗಳಲ್ಲಿ ತೊಳಲಿದರು. ಸಂಕಲ್ಪವೇ ಅಲ್ಲಿ ಅಲಗಾಯಿತು. ಸಂಗ್ರಾಹಕನು ಕೂಡಲೇ ಹೇಳುವನು: ತನ್ನಲ್ಲಿ ಅಲಗಿದೆ, ಸಂಕಲ್ಪವಿಲ್ಲ. ಒಪ್ಪಬೇಕಾದ ಮಾತೇ. ಆದರೆ ಉತ್ತರಪ್ರದೇಶದ ರಾಮಪುರದ ಚಾಕುವನ್ನು ಕೈಯಲ್ಲಿ ಹಿಡಿದು, ಅದು ಸದ್ದಿನೊಡನೆ ಬಿಚ್ಚಿಕೊಳ್ಳುವುದನ್ನು ಮತ್ತೆ ಮತ್ತೆ ಕೇಳಿ ಹಿಗ್ಗುವವನ ಮನಸ್ಸು ಆ ಕ್ಷಣದಲ್ಲಿ ಎಲ್ಲಿರುತ್ತದೆ? ಹಿಂದಿ ಚಲನಚಿತ್ರಗಳು ಆ ಸದ್ದಿಗೆ ಯಾವ ಅರ್ಥ ಕೊಟ್ಟಿವೆಯೆಂಬುದು ಮಕ್ಕಳಿಗೂ ಗೊತ್ತು. ಅಪಧ್ಯಾನವು ಬಾಗಿಲು ತಟ್ಟಿ ಬರುವುದಿಲ್ಲ.

ಇನ್ನು ಶಿವಮೊಗ್ಗದ ಗಾಂಧಿ ಬಜಾರಿನ ಬಳಿ ವಾಸಿಸುವ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಅವನ ಅಜ್ಜ ಭದ್ರಾವತಿಯಲ್ಲಿ ದುಡಿದವನು. ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ ಮೈಸೂರು ಸಂಸ್ಥಾನವು ಕಟ್ಟಿಸಿದ ಕಾರ್ಖಾನೆ 1923ರಲ್ಲಿ ಮರದ ಇದ್ದಿಲಿನ ಕುಲುಮೆಯಿಂದ ಕಬ್ಬಿಣ ಇಳಿಸತೊಡಗಿತು. ಅಜ್ಜ ಬಿಟ್ಟುಹೋದ ತಗಡಿನ ಪೆಟ್ಟಿಗೆಯಲ್ಲಿ ಮೂರು ಚಾಕುಗಳಿದ್ದವು: ವಿಲಾಯತಿಯ ಒಂದು ಜೇಬುಚಾಕು, ಸೈನ್ಯದ ಒಂದು ಮಡಿಸುವ ಚಾಕು, ಊರ ಕಮ್ಮಾರನು ಹಳೆಯ ಅರದಿಂದ ಬಡಿದು ಬೀಟೆಯ ಹಿಡಿ ಹಾಕಿದ ಇನ್ನೊಂದು. ಮೊಮ್ಮಗನ ಕೈಯಲ್ಲಿ ಮೂರು ಅರವತ್ತಾಗಿವೆ. ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಬೇಕೆಂದಿರುವ ಈತನು ಮನೆ, ಹೊಲ, ಚಿನ್ನಗಳ ಮಿತಿಯನ್ನು ಸುಲಭವಾಗಿ ಬರೆದಿಟ್ಟನು. ಪೆಟ್ಟಿಗೆಯ ಹತ್ತಿರ ಲೇಖನಿ ನಿಂತಿತು.

ಇವನ ಪಾಂಡಿತ್ಯವನ್ನು ಹಗುರವಾಗಿ ಎಣಿಸಲಾಗದು. ಮಡಿಸುವ ಚಾಕುವಿನ ಜಾತಕ ಅಲಗಿನ ಬುಡದಲ್ಲಿ ಬರೆದಿರುತ್ತದೆ. ನಕ್ಷತ್ರ ಮತ್ತು ಶಿಲುಬೆಯ ಮುದ್ರೆಯಿದ್ದರೆ ಅದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೋಸೆಫ್ ರಾಡ್ಜರ್ಸ್ ಸಂಸ್ಥೆಯದು. ಕಿರೀಟದ ಇಕ್ಕೆಲದಲ್ಲಿ ವಿ ಮತ್ತು ಆರ್ ಅಕ್ಷರಗಳಿದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದು, ಎಂದರೆ 1901ಕ್ಕೆ ಹಿಂದಿನದೆಂದು ಊಹಿಸಬಹುದು. ಇಂಗ್ಲೆಂಡ್ ಎಂಬ ದೇಶದ ಹೆಸರೂ ಸೇರಿದ್ದರೆ, ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯಗೊಳಿಸಿದ ಅಮೆರಿಕದ 1890ರ ಸುಂಕದ ಕಾಯಿದೆಯ ನಂತರದ್ದಾಗಿರುವ ಸಂಭವ ಹೆಚ್ಚು. ಸ್ಟೇನ್‌ಲೆಸ್ ಎಂದು ಕೆತ್ತಿದ್ದರೆ 1913ಕ್ಕೆ ಮುಂಚಿನದಾಗಲಾರದು. ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ಆ ಉಕ್ಕನ್ನು ಕರಗಿಸಿದ್ದು ಆ ವರ್ಷ. ಅಗಲವಾದ ಬಾಣದ ತುದಿಯ ಗುರುತು ಬ್ರಿಟಿಷ್ ಸರ್ಕಾರದ ಸೊತ್ತಿನ ಲಕ್ಷಣ. ಪ್ರಸಿದ್ಧ ಮುದ್ರೆಗಳನ್ನು ಅನುಕರಿಸಿದ ಕಳ್ಳ ಚಾಕುಗಳೂ ಹೇರಳ. ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂದು ಹೆಸರಿಸಿರುವುದು ಇದನ್ನೇ. ಸಂಶಯವಿರುವ ಚಾಕುವನ್ನು ಅಸಲೆಂದು ದಾಟಿಸುವ ಸಂಗ್ರಾಹಕನು ಒಂದು ವ್ರತದ ಚಿಂತೆಯಲ್ಲಿ ಇನ್ನೊಂದನ್ನು ಕಳೆದುಕೊಳ್ಳುತ್ತಾನೆ.

ಅಲಗಿನಿಂದ ಹಿಡಿಯ ಕಡೆಗೆ ಬಂದರೆ ವಿಷಯ ಗಂಭೀರವಾಗುತ್ತದೆ. ಹಿಡಿಯ ಬಿಳಿಯ ಫಲಕದಲ್ಲಿ ಸೂಕ್ಷ್ಮವಾದ ಕಪ್ಪು ರಂಧ್ರಗಳಿದ್ದರೆ ಅದು ಮೂಳೆ. ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಾಗುರೇಖೆಗಳು ಕಂಡರೆ ಅದು ಆನೆಯ ದಂತ. ರಾಡ್ಜರ್ಸ್ ಸಂಸ್ಥೆ ತನ್ನ ಉಗ್ರಾಣದ ದಂತದ ರಾಶಿಗಾಗಿಯೇ ಹೆಸರಾಗಿತ್ತು. ಮಿನುಗುವ ಹಿಡಿ ಮುತ್ತಿನ ಚಿಪ್ಪಿನದು. ಒರಟಾದ ಕಂದು ಹಿಡಿ ಕಡವೆಯ ಕೊಂಬಿನದು. ಭಾರತದ ಕಾಡಿನ ಕಡವೆಯ ಕೊಂಬು ಹಡಗೇರಿ ಶೆಫೀಲ್ಡಿಗೆ ಹೋಗಿ, ಚಾಕುವಾಗಿ ಈ ದೇಶದ ಅಂಗಡಿಗಳಿಗೆ ಮರಳುತ್ತಿತ್ತು. ಕೊಯ್ಯದ ಚಾಕುವಿನಲ್ಲಿ ಹಿಂಸೆಯೆಲ್ಲಿಯದೆಂದು ಕೇಳಿದವನ ಅಂಗೈಯಲ್ಲೇ ಪಂಚೇಂದ್ರಿಯ ಜೀವದ ಅಂಗವಿದೆ. ದಂತದ ಕೊಳ್ಳುವಿಕೆ, ಮಾರಾಟ ಎರಡನ್ನೂ ವನ್ಯಜೀವಿ ಕಾನೂನು ನಿಷೇಧಿಸಿರುವುದರಿಂದ ಅದರ ವಿಚಾರ ಸ್ಪಷ್ಟ. ಕೊಂಬಿನ ವಿಚಾರ ಅಷ್ಟು ಸುಲಭವಲ್ಲ. ಕಡವೆ ತನ್ನ ಕೊಂಬನ್ನು ಕಾಲಕಾಲಕ್ಕೆ ತಾನೇ ಉದುರಿಸುತ್ತದೆ. ದಿಗಂಬರ ಮುನಿಗಳ ಪಿಂಛವು ನವಿಲು ತಾನಾಗಿ ಉದುರಿಸಿದ ಗರಿಗಳದ್ದೆಂಬುದರಿಂದಲೇ ಅದು ಸಂಯಮದ ಉಪಕರಣವಾಗಿದೆ. ಉದುರಿದ ಕೊಂಬಿಗೂ ಅದೇ ನ್ಯಾಯ ಸಲ್ಲಬೇಡವೇ ಎಂದು ಸಂಗ್ರಾಹಕ ಕೇಳಬಹುದು. ಎರಡು ಅಡ್ಡಿಗಳಿವೆ. ಹಿಡಿಗೆ ಸೀಳಿದ ತುಂಡನ್ನು ನೋಡಿ ಅದು ಉದುರಿದ್ದೋ ಕೊಂದು ತೆಗೆದದ್ದೋ ಎಂದು ಹೇಳಲಾಗುವುದಿಲ್ಲ. ಅದನ್ನು ಹೇಳುವ ಬುಡದ ಗಂಟು ಶೆಫೀಲ್ಡಿನಲ್ಲೇ ಉಳಿದಿರುತ್ತದೆ. ಅಲ್ಲದೆ ಪಿಂಛವು ಜೀವರಕ್ಷಣೆಗಾಗಿ ಇರುವುದು. ಚಾಕುವಿನ ಹಿಡಿ ನೋಟದ ಸುಖಕ್ಕಾಗಿ.

ಹಾಗಾದರೆ ಪೆಟ್ಟಿಗೆಯನ್ನು ಬಿಟ್ಟುಬಿಡಲಿ ಎನ್ನುವುದು ಸುಲಭ. ಹೇಗೆ ಬಿಡಬೇಕು? ಇಟ್ಟುಕೊಂಡರೆ ಪರಿಗ್ರಹ, ಕೊಟ್ಟರೆ ಹಿಂಸಾದಾನ. ತುಂಗೆಗೆ ಎಸೆದರೆ ಮೀನಿಗೂ ಮೀಯುವವನಿಗೂ ಅಪಾಯ. ಸಂತೆಯಲ್ಲಿ ಮಾರಿದರೆ ಅದು ಯಾರ ಕೈ ಸೇರುವುದೋ ತಿಳಿಯದು. ಇನ್ನೊಬ್ಬ ಸಂಗ್ರಾಹಕನಿಗೆ ಮಾರಿದರೆ ಚಾಕು ಕೊಯ್ಯದೆಯೇ ಉಳಿದೀತು, ಆದರೆ ತನ್ನ ಮೂರ್ಛೆಯನ್ನು ಬೆಲೆ ಕಟ್ಟಿ ಬೇರೊಬ್ಬನಿಗೆ ವರ್ಗಾಯಿಸಿದಂತಾಯಿತು. ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳನ್ನು, ಮನೆಗೆಲಸ, ಬೇಸಾಯಗಳಿಗೆಂದು ಮಾಡಿದವುಗಳ ಹೊರತು, ಆಯುಧವೆಂದು ಎಣಿಸುತ್ತವೆ. ಜೇಬುಚಾಕು ಆ ಅಳತೆಗೆ ಸಿಗುವುದಿಲ್ಲ. ವ್ರತಕ್ಕೆ ಅಂಗುಲದ ಲೆಕ್ಕವಿಲ್ಲ.

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅಂಥ ಸ್ಥಳಕ್ಕೆ ಒಪ್ಪಿಸಿದ ವಸ್ತು ಉಪಯೋಗದ ಚಕ್ರದಿಂದಲೇ ಹೊರಬರುವುದರಿಂದ ಅದನ್ನು ಹಿಂಸಾದಾನವೆನ್ನಲಾಗದು. ಕೊಟ್ಟವನ ಹೆಸರಿನ ಫಲಕವನ್ನು ಕೇಳದಿದ್ದರೆ ಇನ್ನೂ ಒಳ್ಳೆಯದು. ಆದರೆ ಅರವತ್ತು ಜೇಬುಚಾಕುಗಳನ್ನು ಯಾವ ಸಂಗ್ರಹಾಲಯವೂ ಬಯಸದೆ ಇರಬಹುದು. ಬೀಟೆಯ ಹಿಡಿಯ ಚಾಕುವನ್ನು ಅಡಿಕೆ ತೋಟದ ಕೆಲಸಕ್ಕೆ ಮರಳಿ ಹಚ್ಚಬಹುದು. ಕಮ್ಮಾರ ಅದನ್ನು ಬಡಿದದ್ದೇ ಅದಕ್ಕಾಗಿ.

ಪರಿಮಾಣದ ಸಂಖ್ಯೆಯನ್ನು ಅರವತ್ತೆಂದೇ ಬರೆದು ನಿಶ್ಚಿಂತನಾಗುವ ಉಪಾಯವೂ ಇದೆ. ಅನೇಕರು ಇದನ್ನೇ ಆರಿಸಿಕೊಂಡಾರು. ಸಮಂತಭದ್ರಾಚಾರ್ಯರು ಈ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹ ಮತ್ತು ಲೋಭಗಳ ನಡುವೆ ವಿಸ್ಮಯವನ್ನೂ ಹೇಳಿದ್ದಾರೆ. ಪರರ ಲಾಭವನ್ನು ಕಂಡು ಬೆರಗಾಗಿ ಒಳಗೊಳಗೇ ನೋಯುವುದು ಅದರ ಭಾವ. ಸಂಖ್ಯೆ ಬರೆದ ಮಾತ್ರಕ್ಕೆ ವಿಸ್ಮಯ ನಿಲ್ಲದು. ಬೇರೊಬ್ಬನ ಮನೆಯಲ್ಲಿ ವಿಕ್ಟೋರಿಯಾ ಮುದ್ರೆಯ ಚಾಕುವನ್ನು ಕಂಡು, ಅದರ ಕಾಲ ಜಾತಿಗಳನ್ನು ಸರಿಯಾಗಿ ಹೇಳಿ, ಬೆಲೆ ಕೇಳದೆ ಹಿಂತಿರುಗಿಸಿ ಕೊಡಬಲ್ಲವನ ಜ್ಞಾನ ಅವನದೇ ಆಗಿ ಉಳಿಯುತ್ತದೆ. ಗುರುತಿಸುವುದಕ್ಕೆ ಒಡೆತನ ಬೇಕಿಲ್ಲ. ಬೆಲೆ ಕೇಳದ ಸಂಗ್ರಾಹಕ ವಿರಳನೆಂಬುದೂ ನಿಜ.

ಆದುದರಿಂದ ಆ ಗೃಹಸ್ಥನು ಮೊದಲು ಕೊಳ್ಳುವುದನ್ನು ನಿಲ್ಲಿಸಲಿ. ಬಿಡುವುದಕ್ಕಿಂತ ಅದು ಕಠಿನ. ಕೃತ, ಕಾರಿತ, ಅನುಮೋದನೆಗಳಲ್ಲಿ ಮೂರನೆಯದನ್ನು ಆಗ ಅವನು ಕೈಬಿಟ್ಟಂತಾಗುವುದು, ಏಕೆಂದರೆ ಕೊಂಬಿನ ಹಿಡಿಗೆ ಬೆಲೆ ತರುವವರು ಕೊಳ್ಳುವವರೇ. ಅನಂತರ ಪೆಟ್ಟಿಗೆಯಿಂದ ಅಜ್ಜನ ಮೂರನ್ನು ಬೇರೆಯಾಗಿಡಲಿ. ಉಳಿದವುಗಳಲ್ಲಿ ಮರದ, ಹಿತ್ತಾಳೆಯ ಹಿಡಿಯವುಗಳನ್ನು, ಯಾವ ಕೆಲಸಕ್ಕೆಂದು ತಿಳಿದುಕೊಂಡು, ಬಲ್ಲವರ ಮನೆಗೆ ಒಂದೊಂದಾಗಿ ಸೇರಿಸಲಿ. ಕೊಂಬು ಮೂಳೆಗಳ ಹಿಡಿಯವು ಮಾರಲೂ ಬಾರದು, ಕೊಡಲೂ ಬಾರದು. ಅಜ್ಜನ ವಿಲಾಯತಿ ಚಾಕುವಿನ ಹಿಡಿಯೂ ಕಡವೆಯ ಕೊಂಬಿನದೇ ಆಗಿದ್ದರೆ ಅವನು ಏನು ಮಾಡಬೇಕೆಂಬುದನ್ನು ಅವನ ಮನೆಯವರೂ ಅವನೂ ಕೂಡಿ ಮುಂದಿನ ಚತುರ್ದಶಿಯ ಉಪವಾಸದಂದು, ಪೆಟ್ಟಿಗೆಯನ್ನು ತೆರೆಯದೆ, ಕುಳಿತು ಮಾತನಾಡಲಿ.