ಸಾಕ್ಷಿಗೆ ಕಾಣದ ರೋಗ

ಅಧಿಕ ರಕ್ತದೊತ್ತಡವು ಬಹುಕಾಲ ಯಾವ ನೋವನ್ನೂ ಕೊಡದೆ ದೇಹದಲ್ಲಿ ನೆಲೆಸಬಲ್ಲ ರೋಗವಾದುದರಿಂದ, ಅದಕ್ಕಾಗಿ ದಿನವೂ ಮಾತ್ರೆ ನುಂಗಬೇಕೆಂಬ ವೈದ್ಯರ ಮಾತು ಆರೋಗ್ಯದ ಪ್ರಶ್ನೆಯ ಜೊತೆಗೆ ಜ್ಞಾನದ ಪ್ರಶ್ನೆಯನ್ನೂ ಎತ್ತುತ್ತದೆ. ತನಗೇನೂ ಆಗಿಲ್ಲವೆನ್ನುವವನ ಅನುಭವ ದೊಡ್ಡದೋ, ತೋಳಿಗೆ ಪಟ್ಟಿ ಸುತ್ತಿ ಅಳೆದ ಅಂಕಿ ದೊಡ್ಡದೋ? ಈ ವಿಚಾರಕ್ಕೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಸಲೆ ತಕ್ಕ ನೆಲೆ. ಅದೇ ತಾಲ್ಲೂಕಿನ ಬನ್ನೂರಿನಲ್ಲಿ ಹುಟ್ಟಿ, 1539ರಲ್ಲಿ ದೇಹತ್ಯಾಗ ಮಾಡಿ, ಆನೆಗೊಂದಿಯ ಬಳಿಯ ನವಬೃಂದಾವನದಲ್ಲಿ ಬೃಂದಾವನಸ್ಥರಾದ ವ್ಯಾಸತೀರ್ಥರ ಪರಂಪರೆಯನ್ನು ಸೋಸಲೆಯ ವ್ಯಾಸರಾಜ ಮಠ ಮುಂದುವರಿಸಿಕೊಂಡು ಬಂದಿದೆ. ‘ನ್ಯಾಯಾಮೃತ’, ‘ತರ್ಕತಾಂಡವ’ಗಳನ್ನು ಬರೆದ ಅವರು, ಎರಡು ಪ್ರಮಾಣಗಳು, ಎಂದರೆ ಅರಿವಿನ ಸಾಧನಗಳು, ಪರಸ್ಪರ ವಿರುದ್ಧವಾಗಿ ತೋರಿದಾಗ ಯಾವುದನ್ನು ನಂಬಬೇಕೆಂಬುದನ್ನು ಅತ್ಯಂತ ಸೂಕ್ಷ್ಮವಾಗಿ ಚರ್ಚಿಸಿದವರು.

ಹೃದಯ ಸಂಕುಚಿಸಿ ರಕ್ತವನ್ನು ಹೊರದೂಡುವಾಗ ಅಪಧಮನಿಗಳ, ಎಂದರೆ ಹೃದಯದಿಂದ ರಕ್ತ ಒಯ್ಯುವ ನಾಳಗಳ, ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ. ಹೃದಯ ಸಡಿಲಗೊಂಡಾಗ ಉಳಿಯುವ ಒತ್ತಡ ಕೆಳಗಿನ ಅಂಕಿ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಬೇರೆ ಬೇರೆ ದಿನ ಅಳೆದಾಗಲೂ ಮೇಲಿನ ಅಂಕಿ ಪಾದರಸದ 140 ಅಥವಾ ಕೆಳಗಿನ ಅಂಕಿ 90 ಮಿಲಿಮೀಟರನ್ನು ಮುಟ್ಟುವ ಇಲ್ಲವೆ ಮೀರುವ ಒತ್ತಡವನ್ನು ಸಾಮಾನ್ಯವಾಗಿ ಅಧಿಕವೆಂದು ಎಣಿಸುತ್ತಾರೆ. ವರ್ಷಗಟ್ಟಲೆ ಅದನ್ನು ತಾಳಿದ ನಾಳಗಳು ಗಡುಸಾಗುತ್ತವೆ, ಹೃದಯದ ಸ್ನಾಯು ದಪ್ಪವಾಗುತ್ತದೆ, ಮೂತ್ರಪಿಂಡದ ಶಕ್ತಿ ಕುಂದುತ್ತದೆ. ಇಷ್ಟಾದರೂ ಒಂದು ತಲೆನೋವೂ ಬಾರದಿರಬಹುದು, ಕೆಲವರಿಗೆ ಮೊದಲ ಸೂಚನೆಯೇ ಲಕ್ವವಾಗಿ ಬರಬಹುದು.

ವ್ಯಾಸತೀರ್ಥರ ದ್ವೈತಮತದಲ್ಲಿ ಸಾಕ್ಷಿ ಎಂದರೆ ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ; ಅದು ಸುಖದುಃಖಗಳನ್ನು ನೇರವಾಗಿ ಗ್ರಹಿಸುತ್ತದೆ, ಆ ಗ್ರಹಿಕೆ ಸುಳ್ಳಾಗುವುದಿಲ್ಲ. ಅನುಮಾನ, ಎಂದರೆ ತರ್ಕದಿಂದ ಪಡೆದ ಅರಿವು, ಹುಟ್ಟುವುದೇ ಪ್ರತ್ಯಕ್ಷವನ್ನು ಆಶ್ರಯಿಸಿಯಾದ್ದರಿಂದ, ಆಶ್ರಯವನ್ನೇ ಅದು ಕಡಿದುಹಾಕಲಾರದೆಂದು ವ್ಯಾಸತೀರ್ಥರು ಜಗತ್ತು ಮಿಥ್ಯೆಯೆನ್ನುವವರಿಗೆ ಉತ್ತರ ಕೊಟ್ಟರು. ಮೇಲುನೋಟಕ್ಕೆ ಈ ವಾದ ಮಾತ್ರೆ ಬೇಡವೆನ್ನುವವನ ಪಕ್ಷವನ್ನೇ ಬಲಪಡಿಸುವಂತೆ ತೋರುತ್ತದೆ. ಆದರೆ ವಿರೋಧವೆಂಬುದು ಎರಡು ಪ್ರಮಾಣಗಳು ಒಂದೇ ವಿಷಯವನ್ನು ಕುರಿತು ಬೇರೆ ಬೇರೆ ಹೇಳಿದಾಗ ಮಾತ್ರ ಹುಟ್ಟುತ್ತದೆ. ನೋವಿಲ್ಲವೆಂದು ಸಾಕ್ಷಿ ಹೇಳುವುದು ಪೂರ್ಣ ನಿಜ; ನಾಳದ ಗೋಡೆಯ ಮೇಲಿನ ಒತ್ತಡದ ಬಗ್ಗೆ ಅದು ಏನನ್ನೂ ಹೇಳಿಯೇ ಇಲ್ಲ. ನೋವಿನ ಅಭಾವದಿಂದ ರೋಗದ ಅಭಾವಕ್ಕೆ ಜಿಗಿಯುವುದು ಸಾಕ್ಷಿಯ ಕೆಲಸವಲ್ಲ, ಮನಸ್ಸು ಮಾಡಿದ ಊಹೆ. ನೋವಿಲ್ಲದಲ್ಲೆಲ್ಲ ರೋಗವೂ ಇಲ್ಲವೆಂಬ ವ್ಯಾಪ್ತಿ, ಎಂದರೆ ತಪ್ಪದ ಸಂಬಂಧ, ಸಿದ್ಧವಾಗದ ಕಾರಣ ಆ ಊಹೆ ನಿಲ್ಲುವುದಿಲ್ಲ.

ಔಷಧ ಹಿಡಿದ ಮೇಲೂ ಇದೇ ತಪ್ಪು ಇನ್ನೊಂದು ರೂಪದಲ್ಲಿ ಮರಳುತ್ತದೆ. ಆಮ್ಲೋಡಿಪಿನ್ ರಕ್ತನಾಳದ ಸ್ನಾಯುಗಳೊಳಕ್ಕೆ ಕ್ಯಾಲ್ಸಿಯಂ ಹೋಗುವುದನ್ನು ತಡೆದು ನಾಳವನ್ನು ಸಡಿಲಿಸುತ್ತದೆ, ಕೆಲವರಿಗೆ ಅದರಿಂದ ಪಾದ ಊದಿಕೊಳ್ಳುತ್ತದೆ. ಟೆಲ್ಮಿಸಾರ್ಟಾನ್ ನಾಳವನ್ನು ಬಿಗಿಗೊಳಿಸುವ ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ, ಗರ್ಭಿಣಿಯರಿಗೆ ಅದು ಸಲ್ಲದು. ಕ್ಲೋರ್ಥಾಲಿಡೋನ್ ಉಪ್ಪನ್ನೂ ನೀರನ್ನೂ ಮೂತ್ರದ ಮೂಲಕ ಹೊರಹಾಕುತ್ತದೆ. ಇವುಗಳಿಂದ ಒತ್ತಡ ಸಹಜ ಮಟ್ಟಕ್ಕೆ ಬಂದಾಗ, ವಾಸಿಯಾಯಿತೆಂದು ಮಾತ್ರೆ ಬಿಡುವವರು ಬಹಳ. ಒತ್ತಡ ಇಳಿದದ್ದು ಮಾತ್ರೆಯಿಂದ. ಕಾರಣವನ್ನು ತೆಗೆದು ಕಾರ್ಯ ಉಳಿಯಲೆಂದು ಬಯಸುವುದು ತರ್ಕಕ್ಕೆ ನಿಲ್ಲದ ಮಾತು. ನಂಜನಗೂಡಿನ ಶ್ರೀಕಂಠೇಶ್ವರನಿಗೆ ಹರಕೆ ಹೊತ್ತವರಲ್ಲೂ ಹೀಗೆ ಬಿಡುವವರಿದ್ದರೆ ಅದು ಮರುಕಪಡಬೇಕಾದ ಸಂಗತಿ. ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಆ ದೇವರನ್ನು ‘ಹಕೀಂ ನಂಜುಂಡ’ನೆಂದು, ಎಂದರೆ ವೈದ್ಯ ನಂಜುಂಡನೆಂದು, ಕರೆದನೆಂಬ ಐತಿಹ್ಯ ದೇವರನ್ನೇ ವೈದ್ಯನೆನ್ನುತ್ತದೆಯೇ ಹೊರತು ವೈದ್ಯನನ್ನು ಬಿಡಿ ಎನ್ನುವುದಿಲ್ಲ.

ಬರುವುದೆಲ್ಲ ಪ್ರಾರಬ್ಧವೇ ಆದರೆ ಮಾತ್ರೆಯಿಂದೇನು ಎಂಬ ಆಕ್ಷೇಪಕ್ಕೆ ಚರಕಸಂಹಿತೆಯ ವಿಮಾನಸ್ಥಾನದಲ್ಲಿಯೇ ಉತ್ತರವಿದೆ: ಆಯುಸ್ಸು ದೈವ ಮತ್ತು ಪುರುಷಕಾರ, ಎಂದರೆ ಮನುಷ್ಯಪ್ರಯತ್ನ, ಎರಡನ್ನೂ ಅವಲಂಬಿಸಿದೆ, ದುರ್ಬಲವಾದ ದೈವವನ್ನು ಬಲವಾದ ಪ್ರಯತ್ನ ಹಿಮ್ಮೆಟ್ಟಿಸಬಲ್ಲದು. ಯಾವ ದೈವ ದುರ್ಬಲವೆಂದು ಮೊದಲೇ ತಿಳಿಯದವನಿಗೆ ಪ್ರಯತ್ನ ಬಿಡಲು ಆಧಾರವೇ ಇಲ್ಲ.

ಆಚಾರದಲ್ಲಿ ನಿಜವಾಗಿ ಕಾಡುವ ಪ್ರಶ್ನೆ ಏಕಾದಶಿಯದು. ದ್ವೈತಮತದ ಅನುಯಾಯಿಗಳಾದ ಮಾಧ್ವರಲ್ಲಿ ಅನ್ನವನ್ನಷ್ಟೇ ಅಲ್ಲದೆ ನೀರನ್ನೂ ಬಿಡುವ ಉಪವಾಸವೇ ಆದರ್ಶವಾದುದರಿಂದ, ಒಂದು ಗುಟುಕು ನೀರಿನೊಡನೆ ಮಾತ್ರೆ ನುಂಗಿದರೆ ವ್ರತಭಂಗವಾಗುವುದೆಂದು ಅಂಜಿ ಆ ದಿನ ಬಿಡುವ ಹಿರಿಯರಿದ್ದಾರೆ. ಅವರ ಶ್ರದ್ಧೆ ಗೌರವಕ್ಕೆ ಅರ್ಹ, ಆದರೆ ಅಂಜಿಕೆಗೆ ಶಾಸ್ತ್ರದ ಬೆಂಬಲವಿಲ್ಲ. ವ್ರತವನ್ನು ಕೆಡಿಸದ ಎಂಟರ ಪಟ್ಟಿಯಲ್ಲಿ ನೀರು, ಹಣ್ಣು, ಹಾಲುಗಳೊಡನೆ ಗುರುವಿನ ಮಾತನ್ನೂ ಔಷಧವನ್ನೂ ಎಣಿಸುವ ಶ್ಲೋಕ ಪ್ರಸಿದ್ಧವಾಗಿದೆ. ವೈದ್ಯಕೀಯದ ಎಚ್ಚರಿಕೆ ಬೇರೊಂದಿದೆ. ರಕ್ತದೊತ್ತಡದ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್, ಕ್ಲೋನಿಡಿನ್ ಮುಂತಾದವನ್ನು ಹಠಾತ್ತನೆ ನಿಲ್ಲಿಸಿದರೆ ಅಪಾಯ. ನೀರೇ ಕುಡಿಯದ ದಿನ ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದರೆ ದೇಹದ ನೀರು ಬತ್ತಿ, ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಆದಕಾರಣ ನಿರ್ಜಲ ಉಪವಾಸ ಮಾಡಬಹುದೇ, ಆ ದಿನ ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕು, ದ್ವಾದಶಿಯ ಪಾರಣೆಯ ತನಕ ಯಾವುದನ್ನು ಮುಂದೂಡಬಹುದು ಎಂಬುದನ್ನು ದಶಮಿಗೆ ಮುಂಚೆಯೇ ವೈದ್ಯರಲ್ಲಿ ಕೇಳಿಕೊಳ್ಳಬೇಕಾಗುತ್ತದೆ.