ಮರೆವಿಗೆ ಹೊಣೆ

"ಜೀನ್ ನಿಮ್ಮ ಹಣೆಬರಹ ಅಲ್ಲ, ಬದುಕೋ ರೀತಿ ಬದಲಿಸಿ, ಮಿದುಳೂ ಬದಲಾಗುತ್ತೆ" ಎನ್ನುವ ಆರೋಗ್ಯ ಭಾಷಣಕಾರರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಲ್ಲ ಕರ್ಮ ಎನ್ನುವವರನ್ನೂ ಎಲ್ಲ ಜೀನು ಎನ್ನುವವರನ್ನೂ ಬಿಡಿ, ಅವರ ಜೊತೆ ಜಗಳಕ್ಕೂ ರುಚಿಯಿಲ್ಲ. ಇವರು ಅರ್ಧ ನಿಜ ಹೇಳುತ್ತಾರೆ, ಅದೇ ತೊಂದರೆ.

ಡಿಎನ್‌ಎ ಹಾಗೇ ಇದ್ದರೂ ಅದರ ಮೇಲೆ ಕೂರುವ ಮೀಥೈಲ್‌ನಂಥ ರಾಸಾಯನಿಕ ಗುರುತುಗಳಿಂದ ಕೆಲವು ಜೀನುಗಳ ಕೆಲಸ ಹೆಚ್ಚುತ್ತದೆ, ಕೆಲವದು ನಿಲ್ಲುತ್ತದೆ. ಇದೇ ಎಪಿಜೆನೆಟಿಕ್ಸ್. ವಯಸ್ಸಾದಂತೆ ಈ ಗುರುತುಗಳು ಎಷ್ಟು ಕ್ರಮವಾಗಿ ಬದಲಾಗುತ್ತವೆಂದರೆ, 2013ರಲ್ಲಿ ಸ್ಟೀವ್ ಹೋರ್ವಾತ್ ಡಿಎನ್‌ಎಯ 353 ಜಾಗಗಳನ್ನು ನೋಡಿ ವಯಸ್ಸು ಅಂದಾಜು ಮಾಡುವ ಲೆಕ್ಕವನ್ನೇ ಕೊಟ್ಟರು. ಬೀಡಿ ಸಿಗರೇಟಿನ ಹೊಗೆಯೂ ಗುರುತು ಬಿಡುತ್ತದೆ, ಹಸಿವೂ ಬಿಡುತ್ತದೆ. ಸರಿ. ಮರೆವಿನ ಕಾಯಿಲೆಯನ್ನು ರೋಗಿಯೇ ಕೈಯಾರೆ ತಂದುಕೊಂಡ ಎಂಬಲ್ಲಿಗೆ ಮಾತು ಜಾರುವುದು ಹೇಗೆ?

ಅವರ ಬಲವಾದ ಸಾಕ್ಷಿಯನ್ನೇ ನೋಡಿ. 1944-45ರ ಚಳಿಗಾಲದಲ್ಲಿ ನಾಜಿ ದಿಗ್ಬಂಧನದಿಂದ ಹಾಲೆಂಡ್ ಉಪವಾಸ ಬಿತ್ತು. ಆಗ ತಾಯಿಯ ಗರ್ಭದಲ್ಲಿ ಮೂಡಿದವರ ರಕ್ತದಲ್ಲಿ, ಆರು ದಶಕ ಕಳೆದ ಮೇಲೂ, ಈ ಗುರುತುಗಳಲ್ಲಿ ಒಡಹುಟ್ಟಿದವರಲ್ಲಿಲ್ಲದ ವ್ಯತ್ಯಾಸ ಕಂಡಿತು. ಹೊಟ್ಟೆಯೊಳಗಿನ ಕೂಸು ಯಾವ ವಾಕಿಂಗ್ ತಪ್ಪಿಸಿತ್ತು?

ಕ್ಯಾಸಂಬಳ್ಳಿಯ ನಮ್ಮ ದೊಡ್ಡಮ್ಮ ನೆನೆಸಿದ ಅವರೆಕಾಳನ್ನು ಹಿತುಕಲು ಕೂತರೆ ಇವತ್ತಿಗೂ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಒಂದು ಕಾಳೂ ಒಡೆಯುವುದಿಲ್ಲ. ನಡುವೆ ತಲೆಯೆತ್ತಿ "ನೀನ್ಯಾರ ಮಗನಪ್ಪ?" ಅನ್ನುತ್ತಾಳೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ದೊಡ್ಡಪ್ಪ ಕೆಜಿಎಫ್ ಗಣಿಗೆ ಇಳಿದವನು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಮನೆ ನಡೆದದ್ದು ಇವಳ ಕೂಲಿಯಲ್ಲಿ. ಇವಳಿಗೆ ಯೋಗ ಮಾಡಲಿಲ್ಲ ಯಾಕೆ ಎಂದು ಕೇಳಬೇಕಂತೆ.

ಆದರೂ 2024ರ ಲ್ಯಾನ್ಸೆಟ್ ಆಯೋಗದ ಮಾತನ್ನು ತಳ್ಳಿಹಾಕಲಾರೆ: 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಶೇ. 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು. ಬಾಲ್ಯದ ಓದು ಅದರಲ್ಲಿದೆ, ಬಿಪಿಯೂ ಇದೆ. ದೊಡ್ಡಮ್ಮ ಬಿಪಿ ಮಾತ್ರೆಯನ್ನು ಬೇಕೆಂದೇ ಬಿಡುತ್ತಿದ್ದಳು, ಡಬ್ಬಿಯಲ್ಲಿ ತುಂಬಿರುತ್ತಿತ್ತು. ಅದನ್ನೂ ಬಡತನದ ಲೆಕ್ಕಕ್ಕೆ ಬರೆದರೆ ಅವಳಿಗೆ ಸ್ವಂತ ಹಟವೇ ಇರಲಿಲ್ಲ ಎಂದಂತಾಯಿತು. ಅವಳನ್ನು ಬಲ್ಲವರು ನಗುತ್ತಾರೆ.

ಇನ್ನೊಂದು ತೊಡಕು. ಅಲ್ಜೈಮರ್‌ನ ಈ ಗುರುತುಗಳನ್ನು ಮಿದುಳಿನಲ್ಲೇ ನೋಡಬೇಕಾದರೆ ಹೆಚ್ಚಾಗಿ ಸತ್ತವರ ಮಿದುಳೇ ಬೇಕು. ಅಲ್ಲಿ ಕಂಡದ್ದು ಕಾಯಿಲೆಯ ಕಾರಣವೋ ಕಾಯಿಲೆ ಬಿಟ್ಟ ಕಲೆಯೋ ಬಿಡಿಸುವುದು ಕಷ್ಟ. ಬದುಕಿರುವವರಿಂದ ಸಿಗುವುದು ರಕ್ತ, ರಕ್ತ ಮಿದುಳಲ್ಲ. ಇದು ಭಾಷಣಕಾರರ ಬಾಯಿ ಮುಚ್ಚಿಸುತ್ತದೆ. ಗಣಿಯ ಸೈನೈಡ್ ದಿಬ್ಬದ ದೂಳನ್ನೋ ಬಾಲ್ಯದ ಹಸಿವನ್ನೋ ದೂರಲು ತುದಿಗಾಲಲ್ಲಿ ನಿಂತ ನನ್ನ ಬಾಯನ್ನೂ.

ನಮ್ಮದೇ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೇನ್ ರಿಸರ್ಚ್‌ನವರು 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಹಿಡಿದಿದ್ದಾರೆ. ಮರೆವಿಗೆ ಮುಂಚಿನಿಂದಲೇ ನೋಡುವುದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಒಂದಿಷ್ಟು ತಿಳಿದೀತು. ಆದರೆ 45ಕ್ಕೆ ಬರುವಷ್ಟರಲ್ಲಿ ಬಾಲ್ಯದ ಹಸಿವು ಮುಗಿದಿರುತ್ತದೆ, ಅದನ್ನು ಅಳೆದವರಿಲ್ಲ.

ಹಾಗಾದರೆ ಪುರಾವೆ ಸಾಲದೆಂದು ದೊಡ್ಡಮ್ಮನನ್ನು ಹೊಣೆಯಿಂದ ಬಿಟ್ಟ ಹಾಗೆ, ಅವಳನ್ನು ಶಾಲೆಗೆ ಸೇರಿಸದ ಕಾಲವನ್ನೂ ಬಿಟ್ಟುಬಿಡಬೇಕೇ? ಕೂಡದು ಅನ್ನಿಸುತ್ತದೆ. ಯಾಕೆ ಕೂಡದು ಎನ್ನುವುದಕ್ಕೆ, ಭಾಷಣಕಾರರು ತಮ್ಮ ಪರವಾಗಿ ತಿರುಗಿಸಿಕೊಳ್ಳಲಾಗದಂಥ ವಾದ ನನ್ನಲ್ಲಿಲ್ಲ.