ಬಿಚ್ಚದೆ ಉಳಿದ ಬಾವುಟ

ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಕಡಲು ನೆಲದೊಳಗೆ ನುಗ್ಗಿ ಬಂದ ಕಡೆ, ಕಪ್ಪು ಬಂಡೆಯ ಮೇಲೆ ಡನ್‌ವೇಗನ್ ಕೋಟೆಯಿದೆ. ಸುಮಾರು 800 ವರ್ಷಗಳಿಂದ ಮ್ಯಾಕ್ಲೌಡ್ ಮನೆತನದ ಮುಖ್ಯಸ್ಥರ ಮನೆ ಅದು. 1748ರವರೆಗೂ ಒಳಗೆ ಹೋಗಲು ಕಡಲ ಕಡೆಯ ಬಾಗಿಲೊಂದೇ ದಾರಿ. ಬಂದವರು ದೋಣಿಯಿಂದಿಳಿದು ಬಂಡೆ ಹತ್ತಬೇಕಿತ್ತು.

ಇಷ್ಟು ಬಿಗಿಯಾದ ಗೋಡೆಗಳ ನಡುವೆ ಆ ಮನೆತನ ಎಲ್ಲಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿರುವುದು ಒಂದು ತುಂಡು ರೇಷ್ಮೆಯನ್ನು. ಬಣ್ಣ ಮಾಸಿದೆ, ಅಲ್ಲಲ್ಲಿ ಹರಿದಿದೆ, ಹರಿದಲ್ಲಿ ಯಾರೋ ಕಾಳಜಿಯಿಂದ ಹೊಲಿದಿದ್ದಾರೆ. ಅದು ಕಿನ್ನರಿ ಕೊಟ್ಟ ಬಾವುಟ ಎಂಬುದು ಮನೆಯವರ ನಂಬಿಕೆ. ಕಷ್ಟ ಬಂದಾಗ ಬಿಚ್ಚಿ ಬೀಸಿದರೆ ನೆರವು ಬರುತ್ತದೆ, ಆದರೆ ಮೂರೇ ಸಲ. ಎರಡು ಸಲ ಆಗಿಹೋಗಿದೆ, ಒಂದು ಉಳಿದಿದೆ ಎನ್ನುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಉಳಿದ ಆ ಒಂದು ಸಲ. ಕೈಗೆಟುಕುವ ವರವನ್ನು ಬಳಸದೆ, ಇದಕ್ಕಿಂತ ದೊಡ್ಡ ಕಷ್ಟ ಮುಂದಿನವರಿಗೆ ಬಂದೀತು ಎಂದು ತಲೆಮಾರಿನಿಂದ ತಲೆಮಾರಿಗೆ ಎತ್ತಿಡುತ್ತ ಬರಲು ಎಂಥ ಮನಸ್ಸು ಬೇಕು! ಬಾವುಟ ಬಿಚ್ಚಿದ ಎರಡು ಸಲದ ಕಥೆಗಳಿಗಿಂತ ಈ ತಡೆದ ಕೈಯೇ ನನಗೆ ದೊಡ್ಡ ಬೆರಗು.

ಕಳೆದ ಶತಮಾನದ ಆರಂಭದಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ತಜ್ಞ ವೇಸ್ ಈ ಬಟ್ಟೆಯನ್ನು ಪರೀಕ್ಷಿಸಿದರು. ನೇಯ್ಗೆ ಪೂರ್ವದ್ದು, ಸಿರಿಯಾ ಅಥವಾ ರೋಡ್ಸ್ ಕಡೆಯದಿರಬೇಕು, ಕೋಟೆಗಿಂತಲೂ ಎಷ್ಟೋ ಶತಮಾನ ಹಳೆಯದು ಎಂಬುದು ಅವರ ಅಭಿಪ್ರಾಯ. ಆಗಿನ ಮುಖ್ಯಸ್ಥ ಸರ್ ರೆಜಿನಾಲ್ಡ್, ನೀವು ಹಾಗೆ ನಂಬಬಹುದು, ಕಿನ್ನರಿಯರು ಕೊಟ್ಟದ್ದೆಂದು ನನಗೆ ಗೊತ್ತು ಎಂದರಂತೆ. ತಜ್ಞರು ವಿನಯದಿಂದ ತಲೆಬಾಗಿದರಂತೆ. ಸೋತವರು ಯಾರೂ ಇಲ್ಲ ಅನಿಸುತ್ತದೆ. ರೇಷ್ಮೆಹುಳುವಿನ ನೂಲು ಮೆಡಿಟರೇನಿಯನ್ ದಂಡೆಯ ಮಗ್ಗ ಹಾಯ್ದು, ಎಷ್ಟು ಕೈ ದಾಟಿಯೋ, ಮಳೆಗಾಳಿಯ ಈ ಬಡಗಣ ದ್ವೀಪಕ್ಕೆ ಬಂದು ಸೇರಿತು ಎನ್ನುವುದು ಕಿನ್ನರಿಯ ಕಥೆಗೆ ಏನು ಕಡಿಮೆ? ಹತ್ತಿರದ ಕ್ಲೇಗನ್ ತೀರದಲ್ಲೂ ಹಾಗೆಯೇ. ಹವಳದ ದಂಡೆ ಎಂದು ಹೆಸರಾದ ಅಲ್ಲಿ ಬಿಳಿಯಾಗಿ ಹರಡಿರುವುದು ಹವಳವಲ್ಲ, ಸುಣ್ಣಗಟ್ಟಿದ ಕೆಂಪು ಪಾಚಿ. ತಿಳಿದ ಮೇಲೆ ಬೆರಗು ಕರಗುವುದಿಲ್ಲ, ಇನ್ನಷ್ಟು ಬಲಿಯುತ್ತದೆ.

ಈ ಮನೆಯ ಒಂದು ಎಳೆ ನಮ್ಮ ಕರಾವಳಿಗೂ ಬಂದಿದೆ. 1773ರಲ್ಲಿ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಇಲ್ಲಿ ಆತಿಥ್ಯ ಕೊಟ್ಟ ತರುಣ ಮುಖ್ಯಸ್ಥ ನಾರ್ಮನ್ ಮುಂದೆ ಸೇನೆ ಸೇರಿ ಭಾರತಕ್ಕೆ ಬಂದು, ಟಿಪ್ಪುವಿನ ವಿರುದ್ಧ ಹೋರಾಡಿದ. ಆತ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಹೈಲ್ಯಾಂಡ್ ಪಡೆಯ ಸೈನಿಕರು ಟಿಪ್ಪು ಹಾಕಿದ 1783ರ ಮುತ್ತಿಗೆಯಲ್ಲಿ ಮಂಗಳೂರಿನ ಕೋಟೆಯೊಳಗೆ ಹಸಿದು ಕೂತಿದ್ದರು. ತಮ್ಮ ನಾಡಿನ ಮಳೆಯನ್ನು ಬಲ್ಲ ಅವರಿಗೆ ನಮ್ಮ ಆಷಾಢ ಹೇಗೆ ಕಂಡಿತೋ!

ಬೆರಗಿನ ಮಾತಾಡುತ್ತ ಕರಾಳವಾದದ್ದನ್ನು ಮರೆಮಾಡುವುದು ಸರಿಯಲ್ಲ. ಈ ನಾರ್ಮನ್‌ನ ತಾತನ ಹೆಸರು 1739ರ ಒಂದು ಘೋರ ಪ್ರಕರಣಕ್ಕೆ ಅಂಟಿಕೊಂಡಿದೆ: ತನ್ನದೇ ಸೀಮೆಯ ಗಂಡಸರು, ಹೆಂಗಸರು, ಮಕ್ಕಳನ್ನು ಹಿಡಿದು ಅಮೆರಿಕಕ್ಕೆ ಮಾರಲು ಹಡಗು ಹತ್ತಿಸಿದ್ದು. ಆ ತಾತನಿಗೂ ಆ ಬಾವುಟದ ಪೆಟ್ಟಿಗೆಯೇ ಆಸ್ತಿಯಾಗಿ ಬಂದಿತ್ತು.

ಅದೇ ವಂಶದಲ್ಲಿ, ಟಿಪ್ಪುವಿನ ವಿರುದ್ಧ ಹೋರಾಡಿದ ನಾರ್ಮನ್‌ನ ಮೊಮ್ಮಗ ಇನ್ನೊಬ್ಬ ನಾರ್ಮನ್. 1846ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಸ್ಕೈ ದ್ವೀಪ ಹಸಿವಿನಲ್ಲಿ ಬೆಂದಾಗ, ಮೂರನೆಯ ಸಲ ಬಿಚ್ಚಲು ಅದಕ್ಕಿಂತ ದೊಡ್ಡ ಕಷ್ಟ ಬೇಕಿತ್ತೇ? ಆತ ಬಾವುಟ ಬಿಚ್ಚಲಿಲ್ಲ. ತನ್ನ ಹಣವೆಲ್ಲ ಸುರಿದು ಜನರಿಗೆ ಊಟ ಹಾಕಿದ. ಸಾಲದಲ್ಲಿ ಮುಳುಗಿ, ಪೂರ್ವಜರ ಕೋಟೆ ಬಿಟ್ಟು, ಲಂಡನ್ನಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಕೆಲಸಕ್ಕೆ ಸೇರಿದ.